ದಡಿಗೆ ಬಾರದ ಗಂಟು

ರೋಗಿಯ ದೇಹದಿಂದ ತೆಗೆದ ಗಂಟು ಯಾರ ಸೊತ್ತು ಎಂಬ ಪ್ರಶ್ನೆಯನ್ನು ವೈದ್ಯಕೀಯ ಮಹಾವಿದ್ಯಾಲಯದ ಆಡಳಿತ ಮಂಡಳಿಯು ಚುರಮುರಿ ಮತ್ತು ಮಿರ್ಚಿ ಭಜಿಯ ಸಮೇತ ದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ಇತ್ಯರ್ಥಪಡಿಸಿತು: ಗಂಟು ರೋಗಿಯದು, ರೋಗ ವೈದ್ಯರದು, ನಕ್ಷೆ ಸಂಸ್ಥೆಯದು. ಈ ಠರಾವಿಗೆ ಪೆಥಾಲಜಿ ವಿಭಾಗದ ಸ್ನಾತಕೋತ್ತರ ತರಬೇತಿಯ ಮುಖ್ಯಸ್ಥೆ ಡಾ. ಪ್ರತಿಮಾ ಅವರೂ ಸಹಿ ಹಾಕಿದ್ದಾರೆ. ಸಹಿ ಸ್ಪಷ್ಟವಾಗಿದೆ. ಯಾರೂ ಕೈ ಹಿಡಿದು ಮಾಡಿಸಿದ್ದಲ್ಲ.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಹೊಲಗಳ ನಡುವೆ ಈ ಮಹಾವಿದ್ಯಾಲಯವಿದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನ ಮುಂದೆ ಸಾಲುಗಟ್ಟಿ ನಿಂತು, ಆಂಬುಲೆನ್ಸುಗಳಿಗೆ ತಾಳ್ಮೆ ಕಲಿಸುತ್ತವೆ. ಪೆಥಾಲಜಿ ಇರುವುದು ನೆಲಮಾಳಿಗೆಯಲ್ಲಿ. ಗಂಟಿನ ಚೂರನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಬಣ್ಣ ಕುಡಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಬರೀ ಗಂಟೋ ಇಲ್ಲಾ ಕ್ಯಾನ್ಸರೋ ಎಂದು ಹೇಳುವುದು ಅಲ್ಲಿಯವರ ಕೆಲಸ. ಹೇಳುವುದನ್ನು ಎಂಡಿ ವಿದ್ಯಾರ್ಥಿಗಳಿಗೆ ಕಲಿಸುವುದು ಪ್ರತಿಮಾ ಅವರ ಕೆಲಸ.

ಪ್ರತಿಮಾ ಬೀಳಗಿಯವರು. ಮಾತು ಕಡಿಮೆ, ಹಟ ಜಾಸ್ತಿ. ಅವರ ಹಟವೆಲ್ಲ ಒಂದೇ ವಸ್ತುವಿನ ಮೇಲಿತ್ತು: ಹತ್ತು ಮಂದಿ ಒಮ್ಮೆಗೇ ಕಣ್ಣಿಟ್ಟು ನೋಡಬಹುದಾದ ಮೈಕ್ರೋಸ್ಕೋಪು. ಒಬ್ಬರೇ ನೋಡುವ ಮೈಕ್ರೋಸ್ಕೋಪಿನಲ್ಲಿ ಪಾಠ ಮಾಡುವುದೆಂದರೆ ಒಬ್ಬರ ಕನಸನ್ನು ಇನ್ನೊಬ್ಬರಿಗೆ ತೋರಿಸಿದ ಹಾಗೆ. "ಮೂಲೆಯಲ್ಲಿ ಕಪ್ಪಗಿದೆಯಲ್ಲ, ಅದು" ಎಂದು ಹೇಳಿ ಎದ್ದು ಜಾಗ ಬಿಟ್ಟರೆ, ವಿದ್ಯಾರ್ಥಿನಿ ಅಕ್ಷತಾ ಒಂದು ಕಪ್ಪನ್ನು ನೋಡುತ್ತಿದ್ದಳು, ಅವಳ ಜೊತೆಯ ಗೌರೀಶ ಇನ್ನೊಂದನ್ನು. ತಾನು ಕಂಡದ್ದೇ ವಿದ್ಯಾರ್ಥಿಗೂ ಕಂಡಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಆಕೆಯ ಕೂದಲು ಹಣ್ಣಾಗತೊಡಗಿದ್ದವು. ವರ್ಷಾ ವರ್ಷಾ ಅರ್ಜಿ ಹೋಗುತ್ತಿತ್ತು. ವರ್ಷಾ ವರ್ಷಾ ಒಂದೇ ಉತ್ತರ ಬರುತ್ತಿತ್ತು: ರೋಗಿಗೆ ಇರುವುದು ಒಂದು ಗಂಟು, ಅದಕ್ಕೆ ಹತ್ತು ಜೊತೆ ಕಣ್ಣು ಏಕೆ?

ಹೀಗಿರಲಾಗಿ ಸಂಸ್ಥೆಯ ಅಧ್ಯಕ್ಷರಾದ ಬಸಗೊಂಡಪ್ಪನವರು ಒಂದು ದಿನ ನೆಲಮಾಳಿಗೆಗೆ ಇಳಿದು ಬಂದರು. ರಬಕವಿಯಲ್ಲಿ ಅವರದು ಮೂರು ತಲೆಮಾರಿನ ಸೀರೆ ವ್ಯಾಪಾರ. ಕೆಟ್ಟ ಮನುಷ್ಯರಲ್ಲ. ಯಾರಾದರೂ ಅತ್ತರೆ ತಾವೂ ಅಳುತ್ತಾರೆ, ಆಮೇಲೆ ಕಣ್ಣೊರೆಸಿಕೊಂಡು ಚೌಕಾಶಿ ಮುಂದುವರಿಸುತ್ತಾರೆ. ಅಂದು ಅವರು ಬಂದದ್ದು ಇಷ್ಟು ಬಲ್ಬು ಯಾಕೆ ಉರಿಯುತ್ತಿವೆ ಎಂದು ಕೇಳುವುದಕ್ಕೆ. ಕೇಳುತ್ತ ಕೇಳುತ್ತ ಸುಮ್ಮನೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಥೈರಾಯ್ಡ್ ಗಂಟಿನ ಸ್ಲೈಡು: ಗುಲಾಬಿ ಕೆರೆಗಳು, ಕೆರೆಯ ದಂಡೆಗೆಲ್ಲ ನೇರಳೆ ಮಣಿ. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಮೇಡಮ್ಮಾರ, ಈ ಬಣ್ಣ ಯಾರು ಹಾಕ್ಯಾರ್ರಿ?"

"ನಾವಽ ಹಾಕ್ತೀವ್ರಿ. ನೇರಳೆ ಒಂದು, ಗುಲಾಬಿ ಒಂದು."

"ನಕ್ಷಿ?"

"ನಕ್ಷಿ ರೋಗದ್ದರಿ."

ಬಸಗೊಂಡಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಜ್ಜನ ಕಾಲದಿಂದ ಗೋಮಿ ದಡಿ, ಗಾಡಿ ದಡಿ, ಚಿಕ್ಕಿ ಪರಾಸ ಅಂತ ಸೀರಿ ಅಂಚಿಗೆ ಅದಽ ದಡಿ ಮಾರಾಕತ್ತೇವಿ. ಇಲ್ಲಿ ನೋಡಿದ್ರ ದಿನಾ ಹೊಸಾ ದಡಿ ಹುಟ್ಟಾಕತ್ತೈತಿ, ನೀವು ಡಬ್ಬ್ಯಾಗ ತುಂಬಿಡಾಕತ್ತೀರಿ! ಏನ್ ಬೇಕ್ರಿ ನಿಮಗ?"

ಪ್ರತಿಮಾಗೆ ಏನು ಬೇಕು ಎಂಬುದನ್ನು ಎರಡನೇ ಸಲ ಕೇಳುವ ಅಗತ್ಯ ಬೀಳಲಿಲ್ಲ. ಹತ್ತು ಜೋಡಿ ಕಣ್ಣಿನ ಮೈಕ್ರೋಸ್ಕೋಪು ಮುಂದಿನ ವಾರವೇ ಬಂತು. ಅದಕ್ಕೆ ಹೂವಿನ ಹಾರ ಹಾಕಿ, ಕಾಯಿ ಒಡೆದರು. ಆಕೆಗೆ ಎಷ್ಟು ಖುಷಿಯಾಯಿತೆಂದರೆ, ಅದರ ಜೊತೆಗೇ ಬಂದ ಸುತ್ತೋಲೆಯನ್ನು ಪೂರ್ತಿ ಓದದೆ ಸಹಿ ಹಾಕಿದರು. ಓದಿದ್ದರೂ ಹಾಕುತ್ತಿದ್ದರೇನೋ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

ಸುತ್ತೋಲೆಯ ಸಾರಾಂಶ ಇಂತಿತ್ತು:

"ಸಂಸ್ಥೆಯ ಹೆಮ್ಮೆಯ 'ಜೀವಕೋಶ' ಸೀರೆ ಯೋಜನೆಯ ಅಂಗವಾಗಿ ದಡಿ ಸಮಿತಿಯನ್ನು ರಚಿಸಲಾಗಿದೆ. ಎಲ್ಲ ಸ್ಲೈಡುಗಳನ್ನೂ ರೋಗಿಯ ಹೆಸರು ತೆಗೆದು ಮೊದಲು ಸಮಿತಿಯ ಮುಂದಿಡತಕ್ಕದ್ದು. ಕ್ಯಾನ್ಸರ್ ಎಂಬ ಶಬ್ದವು ಮಾರುಕಟ್ಟೆಯ ದೃಷ್ಟಿಯಿಂದ ಅಶುಭವಾದ ಕಾರಣ ಅದರ ಬದಲಿಗೆ 'ಉತ್ಕೃಷ್ಟ' ಎಂದು ನಮೂದಿಸತಕ್ಕದ್ದು. ಏನೂ ದೋಷವಿಲ್ಲದ ಸ್ಲೈಡುಗಳು ನೀರಸವಾಗಿರುವುದರಿಂದ ಅವನ್ನು ತಿರಸ್ಕರಿಸಿ, ಸಂಬಂಧಪಟ್ಟವರಿಗೆ ಅದೇ ದಿನ ವಿಷಾದಪತ್ರ ನೀಡತಕ್ಕದ್ದು. ಉತ್ಕೃಷ್ಟ ಸ್ಲೈಡು ಹೊರಗೆ ಹೋದಲ್ಲಿ ರೋಗಿಯು ಅದನ್ನು ಎರಡನೇ ಅಭಿಪ್ರಾಯಕ್ಕೆಂದು ಮಿರಜಿನ ಆಸ್ಪತ್ರೆಗೆ ಒಯ್ದು, ನಕ್ಷೆ ಸೋರಿಕೆಯಾಗುವ ಸಂಭವವಿರುವುದರಿಂದ, ಸೀರೆ ಮಾರುಕಟ್ಟೆಗೆ ಬಿಡುಗಡೆಯಾಗುವವರೆಗೆ ಸ್ಲೈಡನ್ನಾಗಲಿ ರಿಪೋರ್ಟನ್ನಾಗಲಿ ಕೊಡತಕ್ಕದ್ದಲ್ಲ. ಮಾದರಿ ನೀಡಿದವರು ನೇಕಾರರಾಗಿದ್ದಲ್ಲಿ ಆ ಸೀರೆಯನ್ನು ನೇಯುವ ಗೌರವವನ್ನು ಅವರಿಗೇ ಮೀಸಲಿಡಲಾಗುವುದು. ಕಾರಣವನ್ನು ಮಾತ್ರ ತಿಳಿಸಲಾಗುವುದಿಲ್ಲ."

ಮೈಕ್ರೋಸ್ಕೋಪಿನ ಹತ್ತು ಜಾಗಗಳಲ್ಲಿ ಏಳು ಸಮಿತಿಗೆ ಹೋದವು. ಒಂದರಲ್ಲಿ ಪ್ರತಿಮಾ, ಉಳಿದೆರಡರಲ್ಲಿ ಅಕ್ಷತಾ ಮತ್ತು ಗೌರೀಶ. ಸಮಿತಿಯ ಕಾರ್ಯದರ್ಶಿ ನಾಮದೇವ, ಮೊದಲು ಬಸಗೊಂಡಪ್ಪನವರ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವನು. ಯಾವ ಸ್ಲೈಡು ಯಾರದು ಎಂಬುದು ಅವನೊಬ್ಬನಿಗೆ ಮಾತ್ರ ಗೊತ್ತು. ಆ ಗುಟ್ಟನ್ನು ಅವನು ಹೊಟ್ಟೆಯೊಳಗೆ ಹಾಕಿಕೊಂಡು ಬೀಗ ಜಡಿದಿದ್ದ.

ತರಬೇತಿಯ ಗುಣಮಟ್ಟ ಸುಧಾರಿಸಿತು ಎಂದು ವಾರ್ಷಿಕ ವರದಿ ಹೇಳುತ್ತದೆ. ಮೊದಲು ವಿದ್ಯಾರ್ಥಿಗಳು ಬೆಳಿಗ್ಗೆ ಬಂದು ಆಕಳಿಸುತ್ತಿದ್ದರು. ಈಗ ಸಮಿತಿಯವರಿಗೆ ಚಹಾ ತರಿಸುತ್ತಾರೆ. ಗೌರೀಶನಿಗೆ ಇದರಲ್ಲಿ ಕೈ ಕುದುರಿತು. 'ಗಂಟಿನ ಅಂಚು ಮತ್ತು ಸೀರೆಯ ಅಂಚು: ಒಂದು ತುಲನಾತ್ಮಕ ಅಧ್ಯಯನ' ಎಂಬ ಪ್ರಬಂಧಕ್ಕೆ ಸಂಸ್ಥೆಯ ಶಾಲು ಹೊದಿಸಿಕೊಂಡ. ಅಕ್ಷತಾಗೆ ಮಾತ್ರ ಒಂದು ಕೆಟ್ಟ ಚಾಳಿ ಇತ್ತು. ಸ್ಲೈಡು ನೋಡಿದ ಕೂಡಲೇ ರೋಗದ ಹೆಸರು ಹೇಳಿಬಿಡುತ್ತಿದ್ದಳು. ಆಕೆಯ ಮೌಲ್ಯಮಾಪನ ಪತ್ರದಲ್ಲಿ ನಾಮದೇವ ಬರೆದ: 'ಕಣ್ಣು ಚುರುಕು, ಬಾಯಿ ಅಶುಭ.' ತರಬೇತಿ ಮುಖ್ಯಸ್ಥರ ಸಹಿಯ ಜಾಗದಲ್ಲಿ ಪ್ರತಿಮಾ ಸಹಿ ಹಾಕಿದರು. ಹಾಕಿ ಮೈಕ್ರೋಸ್ಕೋಪಿನ ಕಡೆ ನೋಡಿದರು. ಅಂತೂ ಬಂತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಆ ಸ್ಲೈಡು ಬಂದದ್ದು ಒಂದು ಗುರುವಾರ. ಎಂದಿನಂತೆ ಹೆಸರಿಲ್ಲ, ಊರಿಲ್ಲ. ಎದೆಯ ಗಂಟಿನ ಚೂರು ಎಂದಷ್ಟೇ ಗೊತ್ತು. ಬೆಳಕು ಹತ್ತಿದ ಕೂಡಲೇ ಏಳೂ ಮಂದಿ ಒಟ್ಟಿಗೆ "ಆಹಾ" ಎಂದರು. ಗುಲಾಬಿ ನಾರಿನ ನಡುವೆ ನೇರಳೆ ಕೋಶಗಳು ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ದಾರಕ್ಕೆ ಪೋಣಿಸಿದ ಮಣಿಯ ಹಾಗೆ ಸಾಲು ಹಿಡಿದು ಹೊರಟಿದ್ದವು. ಅಲ್ಲಲ್ಲಿ ಒಂದು ನಾಳದ ಸುತ್ತ ಬಳೆಯ ಹಾಗೆ ಸುತ್ತು ಹಾಕಿ, ಮತ್ತೆ ಮುಂದಕ್ಕೆ.

"ಇದಕ್ಕ 'ಮೆರವಣಿಗಿ ದಡಿ' ಅಂತ ಹೆಸರಿಡೂಣು," ಎಂದ ನಾಮದೇವ.

"ಸ್ತನದ ಕ್ಯಾನ್ಸರ್, ಮ್ಯಾಡಮ್," ಎಂದಳು ಅಕ್ಷತಾ. "ಸಾಲ ಹಿಡದು ಹೊಂಟಾವ ನೋಡ್ರಿ."

ಯಾರೋ ಕೆಮ್ಮಿದರು. "ಉತ್ಕೃಷ್ಟ ಅನ್ನವಾ," ಎಂದು ನಾಮದೇವ ಮೆತ್ತಗೆ ತಿದ್ದಿದ.

ಪ್ರತಿಮಾ ಕಣ್ಣು ತೆಗೆಯಲಿಲ್ಲ. ಹುಡುಗಿ ಹೇಳಿದ್ದು ಸರಿ. ತಾನು ಕಲಿಸಿದ್ದು ಒಂದಾದರೂ ತಲೆಗೆ ಹತ್ತಿದೆ ಎಂದು ಒಂದು ಗಳಿಗೆ ಎದೆ ತುಂಬಿ ಬಂತು. ಮರುಗಳಿಗೆ ಕಾರ್ಯದರ್ಶಿಯ ಕಡೆ ತಿರುಗಿದರು. "ನಾಮದೇವ, ಇದರ ರಿಪೋರ್ಟ್ ಇವತ್ತಽ ಹೋಗಬೇಕು. ಯಾರದ್ರಿ ಇದು?"

"ಹೆಸರ ಹೇಳಿದ್ರ ನಕ್ಷಿ ಸೋರತೈತ್ರಿ ಮ್ಯಾಡಮ್ಮಾರ."

"ಇದು ಕಾಯೂ ರೋಗಲ್ಲರಿ. ಆಕಿ ಈಗಽ ಆಪರೇಶನ್‌ಗೆ ಹೋದ್ರ ಉಳೀತಾಳ. ತಡಾ ಆದ್ರ ಇಲ್ಲ."

"ಅದಕ್ಕಽ ನಾವೂ ಲಗೂ ಮಾಡಾಕತ್ತೇವ್ರಿ. ಹಬ್ಬದೊಳಗ ಸೀರಿ ಬಿಡಬೇಕು ಅಂತ ಸಾವ್ಕಾರ್ರು ಅಂದಾರ."

ಪ್ರತಿಮಾ ಆಡಳಿತ ಮಂಡಳಿಗೆ ಪತ್ರ ಬರೆದರು. ಮಂಡಳಿಯು ಪತ್ರದ ಭಾಷೆ ಸೌಜನ್ಯಪೂರ್ಣವಾಗಿದೆ ಎಂದು ಮೆಚ್ಚಿ ಉತ್ತರಿಸಿತು. ಬೀಗ ಒಡೆಯಬಹುದಾಗಿತ್ತು, ಆದರೆ ಬೀಗ ಇದ್ದದ್ದು ನಾಮದೇವನ ಹೊಟ್ಟೆಗೆ. ರಾಜೀನಾಮೆ ಕೊಡಬಹುದಾಗಿತ್ತು, ಆದರೆ ಎಂಡಿ ಪರೀಕ್ಷೆ ಎದುರಿಗಿತ್ತು, ಅಕ್ಷತಾ ನಡುನೀರಿನಲ್ಲಿದ್ದಳು. ಎಲ್ಲೋ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಲೋ, ಬಸ್ಸಿಗೆ ಕಾಯುತ್ತಲೋ ಇದ್ದಾಳೆ, ಆಕೆಯೊಳಗೆ ಮೆರವಣಿಗೆ ಹೊರಟಿದೆ, ಗೊತ್ತಿರುವ ನಾನು ಇಲ್ಲಿ ಕೂತಿದ್ದೇನೆ. ಈ ಯೋಚನೆ ಬಂದಾಗಲೆಲ್ಲ ಪ್ರತಿಮಾ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಗೆ ತನ್ನ ಸಂಕಟವೇ ಗೊತ್ತಿರಲಿಲ್ಲ.

ನೆಲಮಾಳಿಗೆಯ ಕಿಟಕಿಯಲ್ಲಿ ರಿಪೋರ್ಟು ಕೊಡುವವನು ಹಣಮಂತ. ದಿನಕ್ಕೆ ಹತ್ತಾರು ಮಂದಿ ಬಂದು "ಆತೇನ್ರಿ?" ಎಂದು ಕೇಳುತ್ತಾರೆ. ಅವರಲ್ಲಿ ರಬಕವಿಯ ಕಸ್ತೂರೆವ್ವ ಎಂಬಾಕೆ ಬಸ್ಸು ಬದಲಿಸಿ ಬರುತ್ತಿದ್ದಳು. ಕೈಮಗ್ಗದಲ್ಲಿ ಸೆರಗು ನೇಯುವುದರಲ್ಲಿ ಆಕೆಯನ್ನು ಬಿಟ್ಟರಿಲ್ಲ ಎಂದು ಬಸಗೊಂಡಪ್ಪನವರೇ ಹೇಳುತ್ತಿದ್ದರು.

"ನಂದು ಆತೇನಪಾ ಹಣಮಂತ?"

"ನಡದೈತಿ ಬೇ."

"ಏನ್ ನಡದೈತಿ?"

"ಅದು ನಮಗೂ ಹೇಳೂದಿಲ್ಲ."

"ಇರಲಿ ಬಿಡು. ಮುಂದಿನ ವಾರ ಬರಾಕ ಆಗೂದಿಲ್ಲ. ಸಾವ್ಕಾರ್ರು ಹೊಸಾ ಸೀರಿ ನೇಯಾಕ ಕೊಟ್ಟಾರ, ಭಾಳ ಅರ್ಜೆಂಟ್ ಅಂತ."

ಈ ಮಾತು ಪ್ರತಿಮಾ ಅವರ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಸೀರೆ ವೈಜ್ಞಾನಿಕವಾಗಿ ನಿಖರವಾಗಿದೆ ಎಂದು ತರಬೇತಿ ಮುಖ್ಯಸ್ಥರು ಪ್ರಮಾಣೀಕರಿಸಬೇಕು ಎಂಬುದೂ ಒಂದು ನಿಯಮ. ಆ ಪ್ರಕಾರ ಮುಂದಿನ ವಾರ ಪ್ರತಿಮಾ ಅವರನ್ನು ನಾಮದೇವ ಕಾರಿನಲ್ಲಿ ರಬಕವಿಗೆ ಕರೆದೊಯ್ದ. ಓಣಿ ತುಂಬ ಪವರ್‌ಲೂಮಿನ ಖಟಖಟ. ಅದರ ನಡುವೆ ಒಂದು ಮನೆಯಲ್ಲಿ ಮಾತ್ರ ಕೈಮಗ್ಗದ ನಿಧಾನ ಸದ್ದು. ಹಾಸಿನ ಮೇಲೆ ಅರ್ಧ ಸೆರಗು ಮೂಡಿತ್ತು. ಗುಲಾಬಿ ನೆಲ, ನೇರಳೆ ಮಣಿಯ ಸಾಲು. ಪ್ರತಿಮಾ ಮೂವತ್ತು ಹೆಜ್ಜೆ ದೂರದಿಂದಲೇ ರೋಗ ಗುರುತು ಹಿಡಿದರು, ಅಷ್ಟು ನಿಖರವಾಗಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಕಸ್ತೂರೆವ್ವ ಲಾಳಿ ಬದಿಗಿಟ್ಟು ಎದ್ದಳು. "ಎಂಥಾ ನಕ್ಷಿರಿ ಇದು! ನೇಯಾಕ ಕುಂತ್ರ ಕೈ ತಾನಽ ಹೋಗತೈತಿ. ಆದರ ಎಲ್ಲಿ ನಿಲ್ಲಸಬೇಕ ಅನ್ನೂದಽ ತಿಳೀವಲ್ದು. ದಡಿ ಅಂದ ಮ್ಯಾಲ ಒಂದು ಕಡಿ ಬೇಕಲ್ರಿ."

"ಛಲೋ ನೇಯ್ದೀರಿ," ಎಂದರು ಪ್ರತಿಮಾ.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನೀವು ಅದಽ ದವಾಖಾನ್ಯಾಗ ಇರತೀರಂತ. ನಂದೊಂದು ರಿಪೋರ್ಟ್ ಬರೂದೈತ್ರಿ. ಇಲ್ಲಿ ಎದ್ಯಾಗ ಒಂದು ಗಂಟಿತ್ತು, ಸೂಜಿ ಚುಚ್ಚಿ ಚೂರು ತಗದ್ರು. ಹಣಮಂತ ನಡದೈತಿ, ನಡದೈತಿ ಅಂತಾನ."

ನೇಕಾರರಾಗಿದ್ದಲ್ಲಿ ಆ ಸೀರೆಯನ್ನು ನೇಯುವ ಗೌರವವನ್ನು ಅವರಿಗೇ ಮೀಸಲಿಡಲಾಗುವುದು. ಓದದೆ ಸಹಿ ಹಾಕಿ, ಆಮೇಲೆ ಓದಿದ್ದ ಆ ಸಾಲು ಪ್ರತಿಮಾಗೆ ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಆಕೆ ತಿರುಗಿ ನಾಮದೇವನ ಮುಖ ನೋಡಿದರು. ನಾಮದೇವ ಮಗ್ಗದ ತೊಲೆ ಎಷ್ಟು ಗಟ್ಟಿಯಿದೆ ಎಂದು ನೋಡತೊಡಗಿದ್ದ.

"ಕಸ್ತೂರೆವ್ವಾರ," ಎಂದರು ಪ್ರತಿಮಾ, "ನಿಮ್ಮ ರಿಪೋರ್ಟ್ ಬಂದೈತಿ. ಇದಽ ರಿಪೋರ್ಟ್."

ಕಸ್ತೂರೆವ್ವ ಸೆರಗನ್ನು ನೋಡಿದಳು. ಪ್ರತಿಮಾ ಅವರನ್ನು ನೋಡಿದಳು. ಮತ್ತೆ ಸೆರಗನ್ನು. "ಇದು... ನನ್ನೊಳಗಿಂದಽ ಏನ್ರಿ?"

"ಹೌದ್ರಿ."

"ಛಲೋದೋ, ಕೆಟ್ಟದ್ದೋ?"

"ಕೆಟ್ಟದ್ದವ್ವಾ. ಕ್ಯಾನ್ಸರ್. ಆದರ ಇನ್ನೂ ಹೊತ್ತು ಮೀರಿಲ್ಲ. ಲಗೂನ ತಗಿಸಿಬಿಟ್ರ ನೀವು ಉಳೀತೀರಿ. ನಾ ಖರೆ ಹೇಳಾಕತ್ತೇನಿ."

ಆಕೆ ಅಳಲಿಲ್ಲ. ಮಗ್ಗದ ಪಕ್ಕ ಕುಳಿತು, ನೇಯ್ದಷ್ಟನ್ನು ಅಂಗೈಯಿಂದ ಸವರಿದಳು. "ಮತ್ತ ನನ್ನ ಕಡೆಯಿಂದಽ ನೇಯಿಸಿದ್ರಲ್ರಿ ಅಕ್ಕಾರ. ನಾ ಇದಕ್ಕ ದೃಷ್ಟಿ ಆಗಬಾರದಂತ ಮೂಲ್ಯಾಗ ಒಂದು ಕರೀ ಎಳಿ ಹಾಕೀನಿ." ಪ್ರತಿಮಾಗೆ ತಡೆಯಲಾಗಲಿಲ್ಲ, ಆಕೆ ಅತ್ತರು. ನಾಮದೇವ ಕಾರಿನ ಬಳಿ ಹೋಗಿ ನಿಂತ.

ಮರುದಿನ ಪ್ರತಿಮಾ ಬಸಗೊಂಡಪ್ಪನವರ ಅಂಗಡಿಯ ಗಾದಿಯ ಮುಂದೆ ನಿಂತರು. ವಿಷಯ ಕೇಳಿ ಬಸಗೊಂಡಪ್ಪನವರಿಗೂ ಕಣ್ಣು ತುಂಬಿ ಬಂತು. "ಪಾಪ, ಕಸ್ತೂರಿ! ಎಂಥಾ ಕೈ ಆಕೀದು! ಆದರ ಸೀರಿ ಬಿಡುಗಡಿ ಆಗೂತನಕ ರಿಪೋರ್ಟ್ ಕೊಡಾಕ ನಿಯಮ ಇಲ್ಲಲ್ರಿ."

"ನಿಯಮ ಬರದಾವ್ರು ನೀವಽ ಅಲ್ಲೇನ್ರಿ ಸಾವ್ಕಾರ್ರ?"

"ಅದಕ್ಕಽರಿ. ಬರದಾಂವಽ ಮುರದ್ರ ಉಳದಾವ್ರು ಕೇಳ್ತಾರೇನು?"

ಪ್ರತಿಮಾ ಅವರಲ್ಲಿದ್ದ ಬೀಳಗಿಯ ಹಟ ಎಚ್ಚರಾಯಿತು. "ರಿಪೋರ್ಟ್ ಕೊಡಬಾರದು, ಆತು. ಸೀರಿ ತೋರಸಬಾರದು ಅಂತ ನಿಯಮ ಐತೇನ್ರಿ?"

"ಏ, ಸೀರಿ ಇರೂದಽ ತೋರ್ಸಾಕಲ್ರಿ!"

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅರ್ಧ ನೇಯ್ದ ಸೆರಗನ್ನು ಮಗ್ಗದಿಂದ ಕೊಯ್ದು, ಮಡಚಿ, ಕಸ್ತೂರೆವ್ವನನ್ನೂ ಕರೆದುಕೊಂಡು ಪ್ರತಿಮಾ ಶಸ್ತ್ರಚಿಕಿತ್ಸಕ ಡಾ. ಮಲ್ಲಿನಾಥರ ಕೋಣೆಗೆ ಹೋದರು. ಮಲ್ಲಿನಾಥರು ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೇಕಾದಷ್ಟು ಹೊತ್ತು ನೋಡಿ, "ಇಷ್ಟು ಸ್ವಚ್ಛ ರಿಪೋರ್ಟ್ ನಿಮ್ಮ ವಿಭಾಗದಿಂದ ನನಗ ಯಾವಾಗೂ ಬಂದಿದ್ದಿಲ್ಲ," ಎಂದರು. ಕೇಸ್ ಪೇಪರಿನಲ್ಲಿ 'ಸೆರಗಿನ ಪ್ರಕಾರ ಶಸ್ತ್ರಚಿಕಿತ್ಸೆ' ಎಂದು ಬರೆದರು.

ವಿಮಾ ಕಚೇರಿಯವರೂ ಆಕ್ಷೇಪಿಸಲಿಲ್ಲ. ಅವರು ಕೇಳಿದ್ದು ಸೆರಗಿನ ಎರಡು ದೃಢೀಕೃತ ನಕಲು ಪ್ರತಿ, ಅಷ್ಟೆ. ಜೆರಾಕ್ಸ್ ನಡೆಯುವುದಿಲ್ಲ, ಅದು ಬಟ್ಟೆಯಲ್ಲ ಎಂದರು. ಬನಹಟ್ಟಿಯ ಪವರ್‌ಲೂಮಿನಲ್ಲಿ ಎರಡು ನಕಲು ನೇಯಿಸಿ, ಪ್ರಾಚಾರ್ಯರು ದಡಿಯ ಮೇಲೆ 'ಮೂಲದೊಂದಿಗೆ ತಾಳೆ ನೋಡಲಾಗಿದೆ' ಎಂದು ಸಹಿ ಮಾಡಿ ಮೊಹರು ಒತ್ತಿದರು. ಮೊಹರಿನ ಶಾಯಿ ನೇರಳೆಯಾದ್ದರಿಂದ ನಕ್ಷೆಗೆ ಹೊಂದಿಕೊಂಡಿತು. ಕಸ್ತೂರೆವ್ವನಿಗೆ ಆಪರೇಶನ್ ಆಯಿತು. ಆಮೇಲೆ ಔಷಧ, ಕೂದಲು ಉದುರಿದ್ದು, ವಾಂತಿ, ಗೋಡೆ ಹಿಡಿದು ನಡೆದದ್ದು ಎಲ್ಲ ಆಯಿತು. ಆಕೆ ತಡೆದುಕೊಂಡಳು.

ಪವರ್‌ಲೂಮುಗಳಲ್ಲಿ ನೇಯಿಸಿದ ಮೆರವಣಿಗೆ ದಡಿ ಹಬ್ಬಕ್ಕೆ ಬಿಡುಗಡೆಯಾಗಿ ಕೈಗೆ ಸಿಗದ ಹಾಗೆ ಖರ್ಚಾಯಿತು. ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ, ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲಿ ನೋಡಿದರೂ ಅದೇ. ಹೋಳಿಗೆ ಬಡಿಸಲು ಬಗ್ಗಿದವರ ಸೆರಗು ಕಂಡಾಗಲೆಲ್ಲ ಪ್ರತಿಮಾ "ಸಾಕು" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಎಂಡಿ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಸ್ಲೈಡುಗಳನ್ನು ಕೇಳಿದರು; ಸ್ಲೈಡುಗಳು ಗೌಪ್ಯವಾದ್ದರಿಂದ ಸೀರೆಗಳನ್ನು ಹಗ್ಗದ ಮೇಲೆ ಹಾಕಿ ತೋರಿಸಲಾಯಿತು. ಅಕ್ಷತಾ ಎಲ್ಲ ಸೀರೆಗಳಿಗೂ ರೋಗದ ಹೆಸರು ಹೇಳಿದಳು, ಗೌರೀಶ ಎಲ್ಲ ರೋಗಗಳಿಗೂ ಸೀರೆಯ ಹೆಸರು ಹೇಳಿದ. ಇಬ್ಬರೂ ಪಾಸಾದರು. ಪರೀಕ್ಷಕರು ಹೋಗುವಾಗ ಮನೆಯವರಿಗೆಂದು ಒಂದು ಥೈರಾಯ್ಡ್ ಒಯ್ದರು.

ಮುಂದಿನ ವರ್ಷ ಕಸ್ತೂರೆವ್ವನನ್ನು ದಡಿ ಸಮಿತಿಗೆ ನೇಕಾರರ ಪ್ರತಿನಿಧಿಯಾಗಿ ನೇಮಿಸಿದರು. ಬಸಗೊಂಡಪ್ಪನವರಿಗೆ ಆಕೆಯ ಮೇಲೆ ಅಭಿಮಾನವಿತ್ತು. ಜೊತೆಗೆ ಒಂದು ಉತ್ಕೃಷ್ಟ ಕೊಟ್ಟವಳು ಇನ್ನೊಂದು ಕೊಟ್ಟಾಳು ಎಂಬ ವ್ಯಾಪಾರಿಯ ಲೆಕ್ಕಾಚಾರವೂ ಇದ್ದೀತು. ಅದೇ ಹೊತ್ತಿಗೆ ಆಕೆಯ ಹಳೇ ಗಾಯದ ಗುರುತಿನ ಪಕ್ಕ ಇನ್ನೊಂದು ಸಣ್ಣ ಗಂಟು ಕೈಗೆ ಹತ್ತಿತು. ಮಲ್ಲಿನಾಥರು ಚೂರು ತೆಗೆದು ಕಳಿಸಿದರು. ಪ್ರತಿಮಾ ಅಂದು ಉಪವಾಸ ಇದ್ದರು. ಯಾವ ದೇವರಿಗೆ ಎಂದು ಅವರಿಗೇ ಗೊತ್ತಿರಲಿಲ್ಲ.

ಸಮಿತಿ ಕೂತಿತು. ನಾಮದೇವ ಹೆಸರಿಲ್ಲದ ಸ್ಲೈಡನ್ನು ಇಟ್ಟ. ಕಸ್ತೂರೆವ್ವ ಅವನ ಕಡೆ ತಿರುಗಿದಳು. "ಇದು ನಂದಽ ಏನಪಾ?"

ನಾಮದೇವನ ಬಾಯಿ ಎಂದಿನಂತೆ ಮುಚ್ಚಿಯೇ ಇತ್ತು. ಆದರೆ ತಲೆ ಹೌದೆಂದು ಅಲ್ಲಾಡಿತು. ಗೌಪ್ಯತೆಯ ಈ ಉಲ್ಲಂಘನೆಗಾಗಿ ಅವನಿಗೆ ಆಮೇಲೆ ನೋಟಿಸು ಕೊಡಲಾಗಿದೆ.

ಹತ್ತು ಜನ ಕಣ್ಣಿಟ್ಟರು. ಪ್ರತಿಮಾ ಸ್ಲೈಡನ್ನು ಒಂದು ಮೂಲೆಯಿಂದ ಹಿಡಿದು ಒಂದಿಷ್ಟೂ ಬಿಡದ ಹಾಗೆ, ಅಕ್ಕಿ ಆರಿಸುವವರ ಹಾಗೆ, ಮೆಲ್ಲಗೆ ಸರಿಸುತ್ತ ಹೋದರು.

"ಅಕ್ಕಾರ," ಎಂದಳು ಕಸ್ತೂರೆವ್ವ, "ನಂಗ ಸಾಲ ಕಾಣವಲ್ವು. ನಿಮಗ ಕಾಣ್ತಾವೇನ್ರಿ?"

"ಇಲ್ಲವ್ವಾ."

"ಆ ಹುಡುಗಿಗೆ?"

"ಇಲ್ಲಬೇ," ಎಂದಳು ಅಕ್ಷತಾ. ಪಾಸಾದ ಮೇಲೂ ಆಕೆ ಇದೇ ವಿಭಾಗದಲ್ಲಿ ಉಳಿದಿದ್ದಳು. "ಹಳೇ ಗಾಯದ ನಾರು ಅಷ್ಟಽ. ಏನೂ ಇಲ್ಲ."

ತಾನು ಕಂಡದ್ದನ್ನೇ ಇನ್ನೊಬ್ಬರೂ ಕಾಣಬೇಕು ಎಂದು ವರ್ಷಗಟ್ಟಲೆ ಅರ್ಜಿ ಗುಜರಾಯಿಸಿದ್ದ ಪ್ರತಿಮಾಗೆ ಆ ಮೈಕ್ರೋಸ್ಕೋಪು ಸಾರ್ಥಕ ಎನ್ನಿಸಿದ್ದು ಆ ಒಂದು ದಿನ. ಎಲ್ಲರೂ ಕೂಡಿ ಏನೂ ಇಲ್ಲದ್ದನ್ನು ನೋಡುತ್ತಿದ್ದರು, ಮತ್ತು ಅದು ಎಲ್ಲರಿಗೂ ಕಾಣುತ್ತಿತ್ತು.

ಹಿಂದೆ ನಿಂತಿದ್ದ ಬಸಗೊಂಡಪ್ಪನವರು ನಿರಾಶರಾದರು. "ಏನೂ ಬರೂದಿಲ್ಲೇನು ಇದರಾಗ? ಒಂದು ಸಣ್ಣ ದಡಿ?"

"ಕರವಸ್ತ್ರಕ್ಕೂ ಬರೂದಿಲ್ಲರಿ ಸಾವ್ಕಾರ್ರ!" ಎಂದು ಕಸ್ತೂರೆವ್ವ ಗಟ್ಟಿಯಾಗಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಬಸಗೊಂಡಪ್ಪನವರೂ ಅತ್ತರು.

'ತಮ್ಮ ಗಂಟು ದಡಿಗೆ ಅನರ್ಹವೆಂದು ಕಂಡುಬಂದಿರುವುದನ್ನು ತಿಳಿಸಲು ವಿಷಾದಿಸುತ್ತೇವೆ' ಎಂಬ ಪತ್ರ ಆ ದಿನವೇ ಆಕೆಯ ಕೈಸೇರಿತು. ಕಸ್ತೂರೆವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟು, ಓಣಿಗೆಲ್ಲ ಪೇಢೆ ಹಂಚಿದಳು. ಸುದ್ದಿ ಹಬ್ಬಲು ಎಷ್ಟು ಹೊತ್ತು? ವಿಷಾದಪತ್ರ ಬಂದ ಮನೆಯಲ್ಲಿ ಹಬ್ಬ. ಸೀರೆ ಬಿಡುಗಡೆಯಾದ ಮೇಲೆ 'ಅಭಿನಂದನೆಗಳು, ತಮ್ಮ ಗಂಟು ಆಯ್ಕೆಯಾಗಿದೆ' ಎಂಬ ಪತ್ರ ಬಂದ ಮನೆಯಲ್ಲಿ ಗೋಳು. ರಬಕವಿ-ಬನಹಟ್ಟಿಯ ಮುತ್ತೈದೆಯರು ಕಾಲಿಗೆ ಬಿದ್ದ ಸೊಸೆಯಂದಿರಿಗೆ "ನಿನ್ನ ಗಂಟು ತಿರಸ್ಕಾರ ಆಗಲಿ" ಎಂದು ಹರಸತೊಡಗಿದರು. ಗಂಟೇ ಇಲ್ಲದವರೂ, ಇರಲಿ ಎಂದು, ಆ ಆಶೀರ್ವಾದ ತೆಗೆದುಕೊಂಡರು.

ಜನರ ಬೇಡಿಕೆಯನ್ನು ಗಮನಿಸದಿರುವಷ್ಟು ಸಂಸ್ಥೆ ಹೃದಯಹೀನವಲ್ಲ. ಮುಖ್ಯದ್ವಾರದಲ್ಲಿ ತತ್ಕಾಲ ತಿರಸ್ಕಾರ ಕೌಂಟರನ್ನು ಬಸಗೊಂಡಪ್ಪನವರು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದರು. ಸೂಕ್ತ ಶುಲ್ಕ ಸಲ್ಲಿಸಿದವರಿಗೆ ನಿಂತ ಕಾಲಲ್ಲೇ ವಿಷಾದಪತ್ರ. 'ಗಂಟು ತರುವ ಅಗತ್ಯವಿಲ್ಲ. ತಂದಲ್ಲಿ ವಿಳಂಬಕ್ಕೆ ಸಂಸ್ಥೆ ಹೊಣೆಯಲ್ಲ' ಎಂದು ಫಲಕದಲ್ಲಿ ಬರೆಸಿದ್ದಾರೆ. ಉಸ್ತುವಾರಿ ಡಾ. ಗೌರೀಶ. ಪ್ರತಿಮಾ ಇದನ್ನು ಲಿಖಿತವಾಗಿ ವಿರೋಧಿಸಿದರು. ಈ ಸಲ ಸಹಿ ಹಾಕಲಿಲ್ಲ. ಸಹಿ ಬೇಕಾಗಿಲ್ಲವೆಂದು ಮಂಡಳಿ ತಿಳಿಸಿತು. ಜನರೂ ಆಕೆಯ ಪರ ನಿಲ್ಲಲಿಲ್ಲ. ಒಳ್ಳೆಯ ಸುದ್ದಿ ಬೇಗ ಸಿಗುವಾಗ ಅದನ್ನು ತಡ ಮಾಡುವ ಡಾಕ್ಟರು ಯಾರಿಗೆ ಬೇಕು? ಸಾಲು ಗೇಟು ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕಕ್ಕೆ ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ಮುಧೋಳ ರಸ್ತೆಯುದ್ದಕ್ಕೂ ಬೆಳೆಯಿತು. ಅರ್ಧಕ್ಕರ್ಧ ಹೆಂಗಸರು ಮೆರವಣಿಗೆ ದಡಿಯ ಸೀರೆಯನ್ನೇ ಉಟ್ಟಿದ್ದರು.

ಮೊನ್ನೆ ಕಸ್ತೂರೆವ್ವ ವರ್ಷದ ತಪಾಸಣೆಗೆ ಬಂದಳು. ಈಗ ಮೇಲಿನ ಕೌಂಟರಿನ ಸಾಲು ನೋಡಿಕೊಳ್ಳುವ ಹಣಮಂತ ಕೈ ಮಾಡಿ ತೋರಿಸಿದ. "ಅಲ್ಲಿ ಹೋಗ ಬೇ. ಈಗಿಂದೀಗ ಕೈಯಾಗ ಕೊಡ್ತಾರ."

"ಅಲ್ಲಿ ಗಂಟ ನೋಡ್ತಾರೇನು?"

"ನೋಡೂದಿಲ್ಲ. ಅದಕ್ಕಽ ಲಗೂ."

ಕಸ್ತೂರೆವ್ವ ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದು, ಸಾದಾ ಕಿಟಕಿಯ ಮುಂದಿನ ಬೆಂಚಿನ ಮೇಲೆ ಕುಳಿತಳು. ಬೆಂಚು ಪೂರ್ತಿ ಆಕೆಯದೇ. ಒಳಗಿನಿಂದ ಪ್ರತಿಮಾ ತಾವೇ ಬಂದು ಕಿಟಕಿ ತೆರೆದು, "ಬರ್ರಿ ಅವ್ವಾ," ಎಂದರು. ಅಕ್ಷತಾ ದೀಪ ಹಚ್ಚಿದಳು. ಮೇಲಿನ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಮೆಟ್ಟಿಲ ಕಟಾಂಜನದ ಮೇಲೆ ಬಗ್ಗಿ ನೋಡಿದರು.

"ಪಾಪ," ಎಂದಳು ಒಬ್ಬಳು ಇನ್ನೊಬ್ಬಳಿಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಆಕೀದು ಖರೇನಽ ನೋಡಾಕತ್ತಾರ."